ಹಳೆಯ ವ್ಯಾಕ್ಯೂಮ್ ಕ್ಲೀನರಿನ ಹೋಸ್ ಗಾಳಿ ಬಿಡುತ್ತಿದೆಯೇ? ಪರೀಕ್ಷೆ ಹೇಗೆ, ಬದಲಿ ಯಾವುದು?

ಮಲ್ಲಂದೂರು_ರಸ್ತೆ

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ದಾಟಿದ ವ್ಯಾಕ್ಯೂಮ್ ಕ್ಲೀನರ್ ಒಂದಿದೆ. ಚಕ್ರವಿರುವ ಡಬ್ಬಿ, ಒಳಗೆ ಬಟ್ಟೆಯ ಚೀಲ, 1,000 ವ್ಯಾಟಿನ ಮೋಟಾರು, ಎರಡು ಮೀಟರಿಗೆ ತುಸು ಕಡಿಮೆ ಉದ್ದದ ಬೂದು ಬಣ್ಣದ ಸುಕ್ಕು ಹೋಸ್. ಮೋಟಾರು ಈಗಲೂ ಚೆನ್ನಾಗಿ ತಿರುಗುತ್ತಿದೆ. ಆದರೆ ಈ ಬೇಸಿಗೆಯಿಂದ ಎಳೆತ ಎಷ್ಟು ಕುಗ್ಗಿದೆಯೆಂದರೆ, ಸೋಫಾದ ಸಂದಿಯ ಧೂಳು ಹಾಗಿರಲಿ, ನೆಲದ ಮೇಲಿನ ಕೂದಲೂ ಮತ್ತೆ ಮತ್ತೆ ಉಜ್ಜಿದ ಮೇಲಷ್ಟೇ ಒಳಗೆ ಹೋಗುತ್ತದೆ. ಹಿಡಿಯ ಹತ್ತಿರ ಹೋಸನ್ನು ಬಗ್ಗಿಸಿದರೆ ಸಣ್ಣದೊಂದು ಸಿಳ್ಳು ಕೇಳಿಸುತ್ತದೆ, ನೆಟ್ಟಗೆ ಹಿಡಿದರೆ ನಿಲ್ಲುತ್ತದೆ. ಹೊರಗಿನಿಂದ ಕಣ್ಣಿಗೆ ಕಾಣುವ ತೂತು ಯಾವುದೂ ಇಲ್ಲ.

ಸೇವಾ ಕೇಂದ್ರವೊಂದರಲ್ಲಿ ವಿಚಾರಿಸಿದಾಗ ಈ ಮಾದರಿಯ ಬಿಡಿಭಾಗ ಬರುವುದು ನಿಂತುಹೋಗಿದೆ, ಹೊಸ ಯಂತ್ರವನ್ನೇ ಕೊಳ್ಳಿ ಎಂದರು. ಒಂದು ಪ್ಲಾಸ್ಟಿಕ್ ಕೊಳವೆಗಾಗಿ ಗಟ್ಟಿಮುಟ್ಟಾದ ಮೋಟಾರನ್ನು ಗುಜರಿಗೆ ಹಾಕಲು ಮನಸ್ಸು ಬರುತ್ತಿಲ್ಲ. ತೊಂದರೆ ಹೋಸಿನದೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ, ಮತ್ತು ಹಾಗಿದ್ದಲ್ಲಿ ಹೊರಗಿನ ಹೋಸನ್ನು ಇದಕ್ಕೆ ಹೊಂದಿಸಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ರಿಪೇರಿ_ಬೆಂಚು

ಹೋಸ್ ಕೊಳ್ಳುವ ಮೊದಲು ಯಂತ್ರದ ದನಿಯನ್ನು ಕೇಳಿಸಿಕೊಳ್ಳಿ. ಎಳೆತ ಕುಗ್ಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ಗಾಳಿಯ ದಾರಿ ಎಲ್ಲೋ ಕಟ್ಟಿಕೊಂಡಿರುತ್ತದೆ, ಇಲ್ಲವೇ ದಾರಿಯ ನಡುವೆ ಎಲ್ಲಿಂದಲೋ ಹೊರಗಿನ ಗಾಳಿ ನುಗ್ಗುತ್ತಿರುತ್ತದೆ. ನೆಲದ ಬಳಿ ಇವೆರಡರ ಫಲ ಒಂದೇ ಆದರೂ ಸದ್ದು ಮಾತ್ರ ತದ್ವಿರುದ್ಧ. ಒಳಗೆ ಹರಿಯುವ ಗಾಳಿ ಕಡಿಮೆಯಾದಷ್ಟೂ ಫ್ಯಾನಿನ ಮೇಲಿನ ಭಾರ ಇಳಿದು ಮೋಟಾರಿನ ವೇಗ ಏರುವುದರಿಂದ, ದಾರಿ ಕಟ್ಟಿದ ಯಂತ್ರ ಕೀರಲು ದನಿಯಲ್ಲಿ ಕೂಗುತ್ತದೆ. ಸೋರುವ ಯಂತ್ರಕ್ಕೆ ಗಾಳಿ ಧಾರಾಳವಾಗಿ ಸಿಗುವುದರಿಂದ ಅದರ ದನಿ ತಗ್ಗಿನಲ್ಲೇ ಇರುತ್ತದೆ, ಹೋಸಿನ ಬಾಯಿಯನ್ನು ಮುಚ್ಚಿದರೂ ಅಷ್ಟಾಗಿ ಏರುವುದಿಲ್ಲ. ಎಳೆತ ಕಡಿಮೆಯಾದ ಕೂಡಲೇ ಹೋಸನ್ನು ಬದಲಾಯಿಸಿ, ಆಮೇಲೆ ಚೀಲ ತುಂಬಿ ಬಿಗಿದುಕೊಂಡಿತ್ತೆಂದು ಕಂಡುಕೊಂಡವರು ನನ್ನ ಬಳಿಗೆ ಬರುತ್ತಲೇ ಇರುತ್ತಾರೆ.

ಆದ್ದರಿಂದ ಮೊದಲು ಚೀಲವನ್ನು ಖಾಲಿ ಮಾಡಿ, ಮೋಟಾರಿನ ಮುಂದಿರುವ ಫಿಲ್ಟರನ್ನು ಅಂಗಳದಲ್ಲಿ ಚೆನ್ನಾಗಿ ಕೊಡವಿ. ಅನಂತರ ಹೋಸನ್ನು ಪೂರ್ತಿ ಕಳಚಿ, ಯಂತ್ರವನ್ನು ಚಾಲೂ ಮಾಡಿ, ಅದರ ಬಾಯಿಗೇ ಅಂಗೈಯನ್ನು ಒತ್ತಿ ಹಿಡಿಯಿರಿ. ಸುಸ್ಥಿತಿಯಲ್ಲಿರುವ ಯಂತ್ರ ಬಾಯಿ ಮುಚ್ಚಿದಾಗ ಸುಮಾರು 20 ಕಿಲೋಪಾಸ್ಕಲ್ ಎಳೆತ ಕೊಟ್ಟರೆ, 32 ಮಿಲಿಮೀಟರ್ ಅಗಲದ ಬಾಯಿಯ ಮೇಲೆ ಅದು ಒಂದೂವರೆ ಕಿಲೋ ತೂಕಕ್ಕೆ ಸಮ. ಕೈ ಬಿಡಿಸಿಕೊಳ್ಳುವಾಗ ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ, ದನಿಯೂ ಥಟ್ಟನೆ ಏರುತ್ತದೆ. ಇಲ್ಲೇ ಎಳೆತ ಸಪ್ಪೆಯಾಗಿದ್ದರೆ ಹೋಸಿನ ಮಾತು ಬಿಟ್ಟು, ಮುಚ್ಚಳದ ರಬ್ಬರು ಪಟ್ಟಿ, ಫಿಲ್ಟರು ಮತ್ತು ಮೋಟಾರಿನೊಳಗೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳ ಕಡೆಗೆ ನೋಡಬೇಕು.

ಇಲ್ಲಿ ಎಳೆತ ಬಲವಾಗಿದ್ದರೆ ಬರಿಯ ಹೋಸನ್ನು ಸಿಕ್ಕಿಸಿ ಅದರ ತುದಿಯನ್ನು ಮುಚ್ಚಿ ನೋಡಿ. ಹೋಸಿನ ತುದಿಯಲ್ಲಿರುವ ಹಿಡಿ, ಆಮೇಲೆ ಒಂದೊಂದಾಗಿ ಉದ್ದದ ಕೋಲುಗಳು, ಹೀಗೆ ಸೇರಿಸುತ್ತ ಹೋಗಿ. ಯಾವ ಭಾಗವನ್ನು ಸೇರಿಸಿದಾಗ ದನಿ ಮೊದಲಿನಷ್ಟು ಏರುವುದಿಲ್ಲವೋ, ಸೋರಿಕೆ ಆ ಭಾಗದಲ್ಲಿ ಅಥವಾ ಅದರ ಸಂದಿನಲ್ಲಿದೆ. ಒಮ್ಮೆಗೆ ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊತ್ತು ಬಾಯಿ ಮುಚ್ಚಿ ಹಿಡಿಯಬೇಡಿ. ಈ ಬಗೆಯ ಯಂತ್ರಗಳಲ್ಲಿ ಮೋಟಾರನ್ನು ತಣಿಸುವುದು ಹೀರಿದ ಗಾಳಿಯೇ, ಅದು ನಿಂತರೆ ಮೋಟಾರಿನ ತಂತಿಯ ಸುರುಳಿ ಬಿಸಿಯಾಗುತ್ತದೆ.

ಕಡೂರು_ಬಯಲು

ಮೇಲಿನವರು ಹೇಳಿದ ಕ್ರಮಕ್ಕೆ ಎರಡು ಮಾತು ಸೇರಿಸುತ್ತೇನೆ. ಹಳೆಯ ಯಂತ್ರಗಳ ಹಿಡಿಯ ಮೇಲೆ ಬೆರಳಿನಿಂದ ಸರಿಸುವ ಸಣ್ಣ ಕಿಟಕಿಯೊಂದು ಇರುತ್ತದೆ. ಪರದೆಗಳನ್ನು ಶುಚಿ ಮಾಡುವಾಗ ಬಟ್ಟೆ ಒಳಗೆ ಎಳೆದುಕೊಳ್ಳದಿರಲೆಂದು ಬೇಕೆಂದೇ ಗಾಳಿ ಬಿಡುವುದಕ್ಕೆ ಅದನ್ನಿಟ್ಟಿರುತ್ತಾರೆ. ಬಳಸಿ ಬಳಸಿ ಅದು ಸಡಿಲವಾಗಿ, ಹಿಡಿಯನ್ನು ತಿರುಗಿಸಿದಾಗ ತಾನಾಗಿ ಅರ್ಧ ತೆರೆದುಕೊಂಡು ಸಿಳ್ಳು ಹಾಕುವುದುಂಟು. ಪರೀಕ್ಷೆಯ ಹೊತ್ತಿಗೆ ಅದರ ಮೇಲೊಂದು ಟೇಪಿನ ಚೂರು ಅಂಟಿಸಿ.

ಎರಡನೆಯದು ವೋಲ್ಟೇಜು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ತೋಟಗಳಲ್ಲಿ ಸ್ಪ್ರಿಂಕ್ಲರ್ ಪಂಪುಗಳು, ನಮ್ಮ ಕಡೆ ತೆಂಗಿಗೆ ಬೋರ್‌ವೆಲ್‌ಗಳು ಒಟ್ಟಿಗೆ ಶುರುವಾದರೆ 230 ಇರಬೇಕಾದ ವೋಲ್ಟೇಜು 180ರ ಆಸುಪಾಸಿಗೆ ಇಳಿಯುತ್ತದೆ. ವ್ಯಾಕ್ಯೂಮ್ ಕ್ಲೀನರಿನ ಮೋಟಾರಿನ ವೇಗ ವೋಲ್ಟೇಜನ್ನು ಅವಲಂಬಿಸಿರುವುದರಿಂದ ಆಗ ದನಿಯೂ ಎಳೆತವೂ ಎರಡೂ ಇಳಿದು, ಹೋಸ್ ಸೋರುತ್ತಿರುವಂತೆಯೇ ಭಾಸವಾಗುತ್ತದೆ. ಪಂಪುಗಳು ನಿಂತಿರುವ ಹೊತ್ತಿನಲ್ಲಿ ಮತ್ತೊಮ್ಮೆ ನೋಡುವುದು ಒಳ್ಳೆಯದು.

ಚಿಕ್ಕಮಗಳೂರು ಪೇಟೆಯೇ ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಮೇಲಿರುವುದರಿಂದ, ಗಾಳಿ ತೆಳುವಾಗಿ ಯಾವ ಯಂತ್ರವಾದರೂ ಮಂಗಳೂರಿನಲ್ಲಿ ಎಳೆಯುವುದಕ್ಕಿಂತ ಸರಿಸುಮಾರು ಹತ್ತನೇ ಒಂದು ಪಾಲು ಕಡಿಮೆ ಎಳೆಯುತ್ತದೆ. ಆದರೆ ಅದು ಮೊದಲ ದಿನದಿಂದ ಇದ್ದದ್ದೇ ಆದ್ದರಿಂದ ನಿಮ್ಮ ಈಗಿನ ತೊಂದರೆಗೆ ಅದು ಕಾರಣವಾಗಲಾರದು.

ಮಲ್ಲಂದೂರು_ರಸ್ತೆ

ತಿಳಿಸಿದಂತೆ ಹಂತ ಹಂತವಾಗಿ ನೋಡಿದೆ. ಯಂತ್ರದ ಬಾಯಿಗೆ ಕೈ ಒತ್ತಿದಾಗ ಅಂಗೈ ಅಂಟಿಕೊಂಡಿತು, ದನಿ ಕಿವಿಗೆ ಹಿಂಸೆಯಾಗುವಷ್ಟು ಏರಿತು. ಹೋಸನ್ನು ಸೇರಿಸಿ ಅದರ ತುದಿಯನ್ನು ಮುಚ್ಚಿದಾಗ ದನಿ ಅಲ್ಪ ಸ್ವಲ್ಪ ಏರಿದರೂ ಕೈಗೆ ಸಿಕ್ಕ ಎಳೆತ ಅರ್ಧಕ್ಕಿಂತ ಕಡಿಮೆ. ಹೋಸನ್ನು ಬಗ್ಗಿಸಿದಂತೆಲ್ಲ ಅದು ಇನ್ನೂ ಇಳಿಯುತ್ತದೆ. ಹಿಡಿಯ ಕಿಟಕಿಗೆ ಟೇಪು ಹಾಕಿದ ಮೇಲೂ ಏನೂ ಬದಲಾಗಲಿಲ್ಲ. ವೋಲ್ಟೇಜು ಸರಿಯಾಗಿಯೇ ಇತ್ತು. ಹಾಗಾದರೆ ತೊಂದರೆ ಹೋಸಿನದೇ ಎಂದಾಯಿತು. ಆದರೆ ಸೋರುವ ಜಾಗ ಮಾತ್ರ ಇನ್ನೂ ಕಣ್ಣಿಗೆ ಬಿದ್ದಿಲ್ಲ.

ಆಲ್ದೂರು_ತೋಟ

ಹುಡುಕುವುದು ಸುಲಭ. ಯಂತ್ರವನ್ನು ಚಾಲೂ ಮಾಡಿ, ಹೋಸಿನ ತುದಿಗೆ ಬಟ್ಟೆ ತುರುಕಿ, ಹಚ್ಚಿದ ಅಗರಬತ್ತಿಯನ್ನು ಹೋಸಿನ ಉದ್ದಕ್ಕೂ ನಿಧಾನವಾಗಿ ಸರಿಸುತ್ತ ಹೋಗಿ. ಹೊಗೆ ಎಲ್ಲಿ ಒಳಗೆ ತಿರುಗುತ್ತದೆಯೋ ಅಲ್ಲೇ ತೂತು.

ರಿಪೇರಿ_ಬೆಂಚು

ಉಪಾಯ ಕೆಲಸ ಮಾಡುತ್ತದೆಂಬುದನ್ನು ಒಪ್ಪುತ್ತೇನೆ, ಆದರೆ ಅದನ್ನು ಯಾರಿಗೂ ಸಲಹೆ ಮಾಡಲಾರೆ. ಬತ್ತಿಯ ತುದಿಯ ಕಿಡಿಯೊಂದು ಬಿರುಕಿನೊಳಗೆ ಎಳೆದುಕೊಂಡರೆ ಅದು ಹೋಗಿ ಸೇರುವುದು ಒಣಧೂಳು ಮತ್ತು ಕೂದಲು ತುಂಬಿದ ಬಟ್ಟೆಯ ಚೀಲಕ್ಕೆ, ಅದೂ ಗಾಳಿ ರಭಸವಾಗಿ ಬೀಸುತ್ತಿರುವಾಗ. ಇದೇ ಕೆಲಸವನ್ನು ತೆಳು ಟಿಶ್ಯೂ ಕಾಗದದ ಬೆರಳಗಲದ ಪಟ್ಟಿಯಿಂದ ಮಾಡಬಹುದು, ಬಿರುಕಿನ ಹತ್ತಿರ ಬಂದ ಕೂಡಲೇ ಅದು ಹೋಸಿಗೆ ಅಂಟಿಕೊಳ್ಳುತ್ತದೆ.

ಯಂತ್ರದ ಸಹವಾಸವೇ ಬೇಡವೆಂದರೆ ಇನ್ನೂ ಎರಡು ದಾರಿಗಳಿವೆ. ರಾತ್ರಿ ಕೋಣೆಯ ದೀಪ ಆರಿಸಿ, ಸಣ್ಣ ಟಾರ್ಚನ್ನು ಹೋಸಿನ ಬಾಯಿಗೆ ಹಿಡಿದು, ಒಂದೊಂದು ಗೇಣು ಜಾಗವನ್ನು ಬಗ್ಗಿಸುತ್ತ ನೋಡಿದರೆ ಸೀಳಿನಿಂದ ಬೆಳಕಿನ ಗೆರೆ ಹೊರಬರುತ್ತದೆ. ಹೋಸನ್ನು ನೆಟ್ಟಗೆ ಮಲಗಿಸಿ ನೋಡಿದರೆ ಏನೂ ಸಿಗುವುದಿಲ್ಲ, ಏಕೆಂದರೆ ಈ ಬಿರುಕುಗಳು ಸುಕ್ಕುಗಳ ತಗ್ಗಿನಲ್ಲಿದ್ದು ಬಗ್ಗಿದಾಗ ಮಾತ್ರ ಬಾಯಿ ಬಿಡುತ್ತವೆ. ಎರಡನೆಯ ದಾರಿಯಲ್ಲಿ ಹೋಸಿನ ಒಂದು ಬಾಯಿಯನ್ನು ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಇನ್ನೊಂದು ಬಾಯಿಯಿಂದ ಊದಿದರೆ ಗುಳ್ಳೆ ಬರುತ್ತದೆ. ಆದರೆ ಮಳೆಗಾಲದಲ್ಲಿ ನೀರಿನ ದಾರಿ ಬೇಡ. ಮಲೆನಾಡಿನ ಜುಲೈ ತಿಂಗಳಲ್ಲಿ ಸುಕ್ಕಿನ ಒಳಗೆ ಸೇರಿದ ತೇವ ಆರುವುದೇ ಇಲ್ಲ, ಅದರ ಮೇಲೆ ಧೂಳು ಕೂತು ಕೆಸರಾಗಿ, ಬೂಷ್ಟು ಹಿಡಿದು, ಯಂತ್ರ ಹಾಕಿದಾಗಲೆಲ್ಲ ಮನೆ ನಾರುತ್ತದೆ.

ಮುಖ್ಯವಾದ ಎಚ್ಚರಿಕೆಯೊಂದಿದೆ. ತುದಿಯಲ್ಲಿ ತಿರುಗುವ ಬ್ರಷ್ಷಿಗೆ ಮೋಟಾರು ಇರುವ, ಇಲ್ಲವೇ ಹಿಡಿಯಲ್ಲೇ ಸ್ವಿಚ್ಚಿರುವ ಯಂತ್ರಗಳಲ್ಲಿ ಹೋಸಿನ ಗೋಡೆಯೊಳಗೆ ವಿದ್ಯುತ್ ತಂತಿ ಓಡುತ್ತದೆ. ಅಂಥ ಹೋಸನ್ನು ನೀರಿಗೆ ಹಾಕುವುದಾಗಲಿ ಕತ್ತರಿಸುವುದಾಗಲಿ ಕೂಡದು. ತುದಿಯಲ್ಲಿ ಲೋಹದ ಪಿನ್ನುಗಳಿವೆಯೇ ಎಂದು ನೋಡಿದರೆ ಇದು ತಿಳಿಯುತ್ತದೆ. ಬರಿಯ ಸುರುಳಿ ತಂತಿಯಿರುವ ಹೋಸಿನಲ್ಲಿ ಆ ತಂತಿ ಆಕಾರ ಕುಸಿಯದಿರಲೆಂದು ಇಟ್ಟದ್ದಷ್ಟೇ.

ಮಲ್ಲಂದೂರು_ರಸ್ತೆ

ಪಿನ್ನುಗಳಿಲ್ಲ. ಟಾರ್ಚಿನ ಬೆಳಕಿನಲ್ಲಿ ಸಿಕ್ಕಿತು. ಹಿಡಿ ಸೇರುವ ಪ್ಲಾಸ್ಟಿಕ್ ಕಫ್ (ಹೋಸಿನ ತುದಿಯ ಗಟ್ಟಿ ತುಂಡು) ಮುಗಿದು ಮೂರನೆಯ ಸುಕ್ಕಿನ ತಗ್ಗಿನಲ್ಲಿ, ಹೋಸಿನ ಸುತ್ತಳತೆಯ ಸುಮಾರು ಕಾಲು ಭಾಗದಷ್ಟು ಉದ್ದಕ್ಕೆ, ಬಿದಿಗೆಯ ಚಂದ್ರನಂತೆ ಒಂದು ಸೀಳು. ಬಗ್ಗಿಸಿದಾಗ ಉಗುರು ಹೋಗುವಷ್ಟು ತೆರೆದುಕೊಳ್ಳುತ್ತದೆ, ಬಿಟ್ಟರೆ ತುಟಿಗಳು ಕೂಡಿಕೊಂಡು ಗೆರೆಯೂ ಕಾಣುವುದಿಲ್ಲ. ಒಳಗಿನ ಸುರುಳಿ ತಂತಿ ಅಲ್ಲಿ ತುಕ್ಕು ಹಿಡಿದು ಕೆಂಪಾಗಿದೆ. ಪ್ಲಾಸ್ಟಿಕ್ಕೂ ಆ ಜಾಗದಲ್ಲಿ ಬೆಳ್ಳಗಾಗಿ ಗಡುಸಾಗಿದೆ. ಇದಕ್ಕೆ ಟೇಪು ಸುತ್ತಿದರೆ ಸಾಕಾಗುವುದಿಲ್ಲವೇ?

ಬೇಲೂರು_ಕಡೆಯವ

ಸಾಕಾಗುತ್ತದೆ. ನನ್ನ ಯಂತ್ರಕ್ಕೆ ಸ್ಕೂಟರಿನ ಹಳೆಯ ಟ್ಯೂಬಿನಿಂದ ಅರ್ಧ ಗೇಣು ತುಂಡು ಕತ್ತರಿಸಿ, ಒಳಗೆ ಪೌಡರು ಹಚ್ಚಿ, ಹೋಸಿನ ಮೇಲೆ ತೋಳಿನಂತೆ ಏರಿಸಿ, ಎರಡೂ ಕಡೆ ಕ್ಲಿಪ್ಪು ಬಿಗಿದಿದ್ದೇನೆ. ಟ್ಯೂಬು ಬಗ್ಗುತ್ತದೆ, ಗಾಳಿ ಬಿಡುವುದಿಲ್ಲ, ಖರ್ಚೂ ಇಲ್ಲ. ಎಪಾಕ್ಸಿ ಮೇಣವನ್ನು ಮೆತ್ತುವವರಿದ್ದಾರೆ, ಆದರೆ ಅದು ಕಲ್ಲಿನಂತೆ ಗಟ್ಟಿಯಾಗುವುದರಿಂದ ಹೋಸ್ ಬಗ್ಗಿದ ಕೂಡಲೇ ಅದರ ಅಂಚಿನಲ್ಲೇ ಹೊಸ ಬಿರುಕು ಹುಟ್ಟುತ್ತದೆ.

ರಿಪೇರಿ_ಬೆಂಚು

ಟ್ಯೂಬಿನ ತೋಳು ಟೇಪಿಗಿಂತ ಎಷ್ಟೋ ಮೇಲು. ಮಾಮೂಲಿ ವಿದ್ಯುತ್ ಟೇಪು ಸುಕ್ಕುಗಳ ದಿಬ್ಬದಿಂದ ದಿಬ್ಬಕ್ಕೆ ಹಾರಿ ಕೂರುತ್ತದೆ, ತಗ್ಗಿನೊಳಗೆ ಇಳಿಯುವುದಿಲ್ಲ, ಆದ್ದರಿಂದ ಗಾಳಿ ಟೇಪಿನ ಕೆಳಗೇ ಓಡಾಡುತ್ತದೆ. ಬೇಸಿಗೆಯ ಬಿಸಿಗೆ ಅದರ ಅಂಟು ಜಾರಿ ಧೂಳು ಹಿಡಿದು ಹೋಸ್ ಜಿಗುಟಾಗುವುದು ಬೇರೆ. ಟೇಪೇ ಬೇಕೆನ್ನುವವರು ಎಳೆದು ಸುತ್ತಿದಾಗ ತನಗೆ ತಾನೇ ಬೆಸೆದುಕೊಳ್ಳುವ ಸಿಲಿಕೋನ್ ಟೇಪನ್ನು ತಂದು, ಸುಕ್ಕಿನ ತಗ್ಗನ್ನು ಅನುಸರಿಸಿ ಸುತ್ತಬೇಕು.

ಆದರೆ ಮಲ್ಲಂದೂರು ರಸ್ತೆಯವರ ಸೀಳು ಇರುವುದು ಕಫ್‌ನಿಂದ ಮೂರನೆಯ ಸುಕ್ಕಿನಲ್ಲಿ. ಇಷ್ಟು ಹತ್ತಿರವಿದ್ದಾಗ ತೇಪೆಯ ಮಾತೇ ಬೇಕಿಲ್ಲ. ಸೀಳಿನಿಂದ ಆಚೆಗೆ ಕತ್ತರಿಸಿ, ಕಫನ್ನು ಮತ್ತೆ ತಿರುಗಿಸಿ ಕೂರಿಸಿದರೆ ಹೋಸ್ ನಾಲ್ಕು ಬೆರಳು ಗಿಡ್ಡವಾಗುತ್ತದೆ, ಅಷ್ಟೇ. ಹೆಚ್ಚಿನ ಕಫ್‌ಗಳ ಒಳಗೆ ಹೋಸಿನ ಸುಕ್ಕಿಗೆ ಹೊಂದುವ ತಿರುಪು ಇರುತ್ತದೆ. ಬಿಚ್ಚುವ ಮೊದಲು ಸುರುಳಿ ಯಾವ ಕಡೆಗೆ ಏರುತ್ತದೆಂದು ನೋಡಿಕೊಳ್ಳಿ, ಏಕೆಂದರೆ ಕೆಲವು ಹೋಸುಗಳ ಸುರುಳಿ ಎಡತಿರುಪಿನದು, ಸಾಮಾನ್ಯ ಮುಚ್ಚಳವನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಅದು ಇನ್ನಷ್ಟು ಬಿಗಿಯಾಗುತ್ತದೆ. ಜಗ್ಗದಿದ್ದರೆ ಆ ತುದಿಯನ್ನು ಕೈ ಸೈರಿಸುವಷ್ಟು ಬಿಸಿಯಾದ ನೀರಿನಲ್ಲಿ ಒಂದೆರಡು ನಿಮಿಷ ಹಿಡಿದರೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಹೋಸನ್ನು ಹರಿತವಾದ ಚಾಕುವಿನಿಂದಲೂ ತಂತಿಯನ್ನು ಕಟಿಂಗ್ ಪ್ಲೈಯರ್‌ನಿಂದಲೂ ಕತ್ತರಿಸಿ, ತಂತಿಯ ಚೂಪು ತುದಿಯನ್ನು ಒಳಮುಖವಾಗಿ ಮಡಚಿ. ಇಲ್ಲದಿದ್ದರೆ ಅದು ಕೈಗೂ ಚುಚ್ಚುತ್ತದೆ, ಒಳಗೆ ಬರುವ ಕೂದಲನ್ನೂ ಹಿಡಿದಿಡುತ್ತದೆ.

ಒಂದು ಮಾತು ಮಾತ್ರ ಗಮನದಲ್ಲಿರಲಿ. ನೀವು ಪ್ಲಾಸ್ಟಿಕ್ ಬೆಳ್ಳಗಾಗಿದೆ ಎಂದಿದ್ದೀರಿ. ಇಂಥ ಹೋಸಿನ ಪಿವಿಸಿ ಪ್ಲಾಸ್ಟಿಕ್ ಮೆತ್ತಗಿರಲೆಂದು ಬೆರೆಸಿದ ಎಣ್ಣೆಯಂಥ ದ್ರವ್ಯ ವರ್ಷಗಳು ಕಳೆದಂತೆ, ಅದರಲ್ಲೂ ಬಿಸಿಲು ಬೀಳುವ ಕಡೆ ಇಟ್ಟರೆ, ಹೊರಟುಹೋಗಿ ಹೋಸ್ ಗಡುಸಾಗುತ್ತದೆ. ಉಳಿದ ಭಾಗವೂ ಹಾಗೆಯೇ ಆಗಿದ್ದರೆ ಕತ್ತರಿಸಿದ ಜಾಗದ ಮುಂದಿನ ಸುಕ್ಕೇ ಮುಂದೆ ಸೀಳುತ್ತದೆ. ಹೋಸಿನ ನಡುಭಾಗವನ್ನು ಕೈಯಲ್ಲಿ ಹಿಡಿದು ಗಟ್ಟಿಯಾಗಿ ಬಗ್ಗಿಸಿ ನೋಡಿ. ತಗ್ಗಿನಲ್ಲಿ ಬಿಳಿಯ ಗೆರೆಗಳು ಕಾಣಿಸಿಕೊಂಡರೆ ಪೂರ್ತಿ ಬದಲಾಯಿಸುವುದೇ ಲೇಸು.

ಮಲ್ಲಂದೂರು_ರಸ್ತೆ

ಬಿಳಿ ಗೆರೆಗಳು ಅಲ್ಲಲ್ಲಿ ಇವೆ. ಯಂತ್ರಕ್ಕೆ ಸೇರುವ ತುದಿಯಲ್ಲಂತೂ ಸುತ್ತಲೂ ಇವೆ. ಪೂರ್ತಿ ಬದಲಾಯಿಸುವುದಾದರೆ ಅಳತೆ ತೆಗೆದುಕೊಳ್ಳುವುದು ಹೇಗೆ? ನನ್ನ ಬಳಿ ವ್ಯಾಸ ಅಳೆಯುವ ವರ್ನಿಯರ್ ಇಲ್ಲ.

ಹಾಸನ_ಬಿಎಂ_ರಸ್ತೆ

ವರ್ನಿಯರ್ ಬೇಕಿಲ್ಲ. ಪತ್ರಿಕೆಯಿಂದ ಬೆರಳಗಲದ ಕಾಗದ ಕತ್ತರಿಸಿ, ಕಫ್‌ನ ಸುತ್ತ ಬಿಗಿಯಾಗಿ ಸುತ್ತಿ, ಒಂದರ ಮೇಲೊಂದು ಬರುವ ಜಾಗಕ್ಕೆ ಪೆನ್ನಿನಿಂದ ಗುರುತು ಮಾಡಿ, ಬಿಚ್ಚಿ ಸ್ಕೇಲಿನ ಮೇಲಿಡಿ. ಬಂದ ಉದ್ದವನ್ನು 3.14ರಿಂದ ಭಾಗಿಸಿದರೆ ಹೊರವ್ಯಾಸ ಸಿಗುತ್ತದೆ. 110 ಮಿಲಿಮೀಟರ್ ಬಂದರೆ 35. ಅಂಗಡಿಯವರು ಹೇಳುವುದು ಸಾಮಾನ್ಯವಾಗಿ ಹೋಸಿನ ಒಳವ್ಯಾಸ ಆದ್ದರಿಂದ ಅದನ್ನೂ ಸ್ಕೇಲಿಟ್ಟು ನೋಡಿಕೊಳ್ಳಿ. ಮನೆಬಳಕೆಯ ಯಂತ್ರಗಳಲ್ಲಿ 32 ಮತ್ತು 35 ಮಿಲಿಮೀಟರ್ ಹೆಚ್ಚಾಗಿ ಕಾಣಸಿಗುತ್ತವೆ, ನೀರನ್ನೂ ಹೀರುವ ದೊಡ್ಡ ಡಬ್ಬಿಗಳಲ್ಲಿ 38ರ ಹೋಸುಗಳೂ ಇರುತ್ತವೆ. ನಿಮ್ಮದು 35 ಇದ್ದು ಅಂಗಡಿಯಲ್ಲಿ 32 ಮಾತ್ರ ಸಿಕ್ಕಿದರೆ, ಮೂರು ಮಿಲಿಮೀಟರ್ ತಾನೇ ಎಂದು ಒಪ್ಪಿಕೊಳ್ಳಬೇಡಿ. ಕೊಳವೆಯೊಳಗಿನ ಗಾಳಿಯ ತಡೆ ವ್ಯಾಸದ ಸುಮಾರು ಐದನೆಯ ಘಾತಕ್ಕೆ ವಿಲೋಮವಾಗಿ ಬದಲಾಗುವುದರಿಂದ, ಅಷ್ಟೇ ಗಾಳಿಯನ್ನು ಅಷ್ಟೇ ಉದ್ದದ ಹೋಸಿನಲ್ಲಿ ಎಳೆಯಲು ತಡೆ ಒಂದೂವರೆ ಪಟ್ಟು ಹೆಚ್ಚಾಗುತ್ತದೆ. ಬೇಕೆಂದು ಉದ್ದವಾದ ಹೋಸ್ ಹಾಕಿಸಿಕೊಂಡರೂ ಎಳೆತ ಹೀಗೆಯೇ ಪೋಲಾಗುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಬೇರೆ ಪೈಪುಗಳನ್ನು ಕೊಡಲು ನೋಡುತ್ತಾರೆ. ಪಂಪಿನ ಹಸಿರು ಸಕ್ಷನ್ ಪೈಪು ಕುಸಿಯುವುದಿಲ್ಲವಾದರೂ ಅದರ ಭಾರಕ್ಕೆ ಕೈ ಸೋಲುತ್ತದೆ, ಯಂತ್ರವೂ ಮಗುಚಿಕೊಳ್ಳುತ್ತದೆ. ವಾಷಿಂಗ್ ಮಷೀನಿನ ನೀರು ಹೊರಹೋಗುವ ಪೈಪು ಒಳಗಿನಿಂದ ತಳ್ಳುವ ನೀರಿಗಾಗಿ ಮಾಡಿದ್ದೇ ಹೊರತು ಹೀರುವ ಕೆಲಸಕ್ಕಲ್ಲ, ನಳಿಗೆ ತುಸು ಕಟ್ಟಿಕೊಂಡರೂ ಅದು ಚಪ್ಪಟೆಯಾಗಬಹುದು. ವ್ಯಾಕ್ಯೂಮ್ ಹೋಸ್ ಎಂದೇ ಕೇಳಿ. ಮೀಟರಿನ ಲೆಕ್ಕದಲ್ಲಿ ಮಾರುವವರಿದ್ದಾರೆ, ಹಾಸನದಲ್ಲಾದರೆ ಗೃಹೋಪಯೋಗಿ ಯಂತ್ರಗಳ ರಿಪೇರಿ ಮಾಡುವವರೇ ತರಿಸಿಕೊಡುತ್ತಾರೆ. ಆಯ್ಕೆಯಿದ್ದರೆ ಇವಿಎ ಎಂಬ ಬಗೆಯ ಪ್ಲಾಸ್ಟಿಕ್ಕಿನದನ್ನು ಆರಿಸಿ. ಅದು ಪಿವಿಸಿಗಿಂತ ಹಗುರ, ಬೇರೆ ಮೆದುಕಾರಿ ದ್ರವ್ಯ ಬೇಕಾಗದೆ ತಾನಾಗಿಯೇ ಮೆದು, ಡಿಸೆಂಬರಿನ ಬೆಳಗಿನ ಚಳಿಗೂ ಸೆಟೆದುಕೊಳ್ಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಕಫ್‌ಗಳನ್ನು ಎಸೆಯಬೇಡಿ. ನಿಮ್ಮ ಯಂತ್ರದ ಬಾಯಿಗೆ ಕೂರುವ ಬೀಗದ ಹಲ್ಲು ಇರುವುದು ಅವುಗಳಲ್ಲೇ, ಅಂಗಡಿಯಲ್ಲಿ ಸಿಗದ ಭಾಗವೂ ಅದೇ. ಹೋಸ್ ಹೊಸದು, ಎರಡು ತುದಿಗಳು ಹಳೆಯವು ಎಂಬ ಏರ್ಪಾಡಾದರೆ ಮಾದರಿ ನಿಂತುಹೋದದ್ದು ಅಡ್ಡಿಯಾಗುವುದಿಲ್ಲ. ಹಳೆಯ ತುದಿಯನ್ನೂ ಅಂಗಡಿಗೆ ಒಯ್ದು, ಹೊಸ ಹೋಸಿನ ಸುಕ್ಕುಗಳ ಅಂತರ ಕಫ್‌ನ ತಿರುಪಿಗೆ ಹೊಂದುತ್ತದೆಯೇ ಎಂದು ಅಲ್ಲೇ ತಿರುಗಿಸಿ ನೋಡಿ. ವ್ಯಾಸ ಸರಿಯಿದ್ದೂ ಸುಕ್ಕಿನ ಅಂತರ ಬೇರೆಯಾದರೆ ಅದು ಒಂದು ಸುತ್ತು ಹೋಗಿ ಕಚ್ಚಿಕೊಂಡು ನಿಲ್ಲುತ್ತದೆ.

ಮಲ್ಲಂದೂರು_ರಸ್ತೆ

ಕೆಲಸ ಮುಗಿಯಿತು. ಇದೇ ತೊಂದರೆಯಿಂದ ಮುಂದೆ ಇಲ್ಲಿಗೆ ಬರುವವರಿಗಾಗಿ ವಿವರವಾಗಿ ಬರೆಯುತ್ತಿದ್ದೇನೆ.

ಕಾಗದದ ಪಟ್ಟಿಯ ಅಳತೆ, ಸ್ಕೇಲಿನ ಅಳತೆ ಎರಡನ್ನೂ ಬರೆದುಕೊಂಡು, ಕತ್ತರಿಸಿದ ಹಳೆಯ ತುಂಡಿನೊಂದಿಗೆ ಐ.ಜಿ. ರಸ್ತೆಯ ಕಡೆ ವಿಚಾರಿಸಿದೆ. ಒಳವ್ಯಾಸ 32 ಮಿಲಿಮೀಟರಿನ ಇವಿಎ ಹೋಸನ್ನು ಒಬ್ಬರು ತರಿಸಿಕೊಟ್ಟರು. ನನ್ನ ಹಳೆಯದೂ 32ರದ್ದೇ. ಹಿಡಿಯ ಕಡೆಯ ಕಫ್ ಎಡತಿರುಪಿನದಾಗಿತ್ತು, ಅಂಥವೂ ಇರುತ್ತವೆಂದು ಇಲ್ಲಿ ಮೊದಲೇ ಓದಿದ್ದರಿಂದ ಅದು ಬಿಸಿನೀರಿನಲ್ಲಿ ಹಿಡಿದ ಮೇಲೆ ಸುಲಭವಾಗಿ ಬಂತು. ಯಂತ್ರದ ಕಡೆಯದಕ್ಕೆ ತಿರುಪೇ ಇರಲಿಲ್ಲ. ಹೊರಗಿನ ಬಳೆಯನ್ನು ಹಿಡಿದ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಒಳಕ್ಕೆ ಒತ್ತಿದಾಗ ಬಳೆ ಬೇರೆಯಾಯಿತು, ಒಳಗಿನ ತುಂಡು ಹೋಸಿಗೆ ಅಂಟಿನಿಂದ ಕೂತಿತ್ತು. ಅದರ ಮೇಲಿನ ಹಳೆಯ ಪಿವಿಸಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆಯಂತೆ ಬಿಡಿಸಬೇಕಾಯಿತು. ಹೊಸ ಹೋಸನ್ನು ಏರಿಸಲು ಸೋಪಿನ ನೀರು ಸವರಿದೆ. ಎಣ್ಣೆ ಬಳಸಿದರೆ ಆಮೇಲೆ ಜಾರುತ್ತದೆಂದು ಅಂಗಡಿಯವರು ಎಚ್ಚರಿಸಿದ್ದರು.

ಈಗ ಹೋಸಿನ ತುದಿಯನ್ನು ಮುಚ್ಚಿದರೆ ದನಿ ಯಂತ್ರದ ಬಾಯಿಯನ್ನು ಮುಚ್ಚಿದಾಗಿನಷ್ಟೇ ಏರುತ್ತದೆ. ಆದರೆ ಉದ್ದದ ಕೋಲುಗಳನ್ನು ಜೋಡಿಸಿದ ಮೇಲೆ ಎಲ್ಲೋ ತೆಳ್ಳಗಿನ ಸಿಳ್ಳು ಉಳಿದಿದೆ. ಅದೇನಿರಬಹುದು?

ರಿಪೇರಿ_ಬೆಂಚು

ಕೋಲುಗಳ ಸಂದಿನದು. ಅವು ಒಂದರೊಳಗೊಂದು ತುರುಕಿ ಕೂರುವ ಇಳಿಜಾರು ಬಾಯಿಗಳು, ವರ್ಷಗಟ್ಟಲೆ ತೆಗೆದು ಹಾಕಿ ಸವೆದಿರುತ್ತವೆ. ಒಳಗೆ ಹೋಗುವ ತುದಿಗೆ ಒಂದೇ ಸುತ್ತು ತೆಳು ಟೇಪು ಹಾಕಿ ತಿರುಚಿ ಒತ್ತಿದರೆ ಸಿಳ್ಳು ನಿಲ್ಲುತ್ತದೆ. ಇಲ್ಲಿನ ಸೋರಿಕೆಯಿಂದಾಗುವ ನಷ್ಟ ಯಂತ್ರದ ಬಳಿಯ ಸೋರಿಕೆಗಿಂತ ಕಡಿಮೆ. ಯಂತ್ರದ ಬಾಯಿಯ ಹತ್ತಿರ ಎಳೆತ ಅತಿ ಹೆಚ್ಚಾಗಿದ್ದು ನೆಲದ ಕಡೆಗೆ ಹೋದಂತೆಲ್ಲ ಇಳಿಯುತ್ತ ಬರುವುದರಿಂದ, ಅಷ್ಟೇ ಗಾತ್ರದ ತೂತು ಯಂತ್ರದ ಕಡೆಗಿದ್ದರೆ ಹೆಚ್ಚು ಗಾಳಿ ಕುಡಿಯುತ್ತದೆ.

ಆಲ್ದೂರು_ತೋಟ

ಹೊಸ ಹೋಸನ್ನು ಇಡುವುದು ಎಲ್ಲಿ ಎಂಬುದನ್ನೂ ಹೇಳಿಬಿಡಿ. ನಮ್ಮ ಅಟ್ಟದಲ್ಲಿಟ್ಟ ಹೋಸನ್ನು ಇಲಿ ಕಡಿದಿದೆ. ಗೋಡೆಯ ಮೊಳೆಗೆ ನೇತುಹಾಕಿದರೆ ಆಗುವುದಿಲ್ಲವೇ?

ರಿಪೇರಿ_ಬೆಂಚು

ಒಂದೇ ಮೊಳೆಗೆ ನೇತುಹಾಕಿದರೆ ಎಲ್ಲ ಭಾರವೂ ಒಂದೇ ಸುಕ್ಕಿನ ಮೇಲೆ ಬಿದ್ದು ಅಲ್ಲೇ ಮಡಿಕೆ ಬೀಳುತ್ತದೆ, ಮುಂದೆ ಸೀಳುವುದೂ ಅಲ್ಲೇ. ಮೊಳೆಯ ಜಾಗದಲ್ಲಿ ನಾಲ್ಕು ಇಂಚಿನ ಪಿವಿಸಿ ಪೈಪಿನ ಗೇಣುದ್ದದ ತುಂಡನ್ನು ಗೋಡೆಗೆ ಸ್ಕ್ರೂ ಹೊಡೆದು ಕೂರಿಸಿ, ಹೋಸನ್ನು ಅದರ ಮೇಲೆ ಹಾಯಾಗಿ ಬಳಸಿ ಹಾಕಿ. ಕಿಟಕಿಯ ಬಿಸಿಲು ಬೀಳದ ಗೋಡೆಯಾಗಿರಲಿ, ಇಲಿಗೆ ಎಟುಕದಷ್ಟು ಎತ್ತರದಲ್ಲಿರಲಿ.